ಮತ್ತೆ ನಿಂತ ಸಿನಿಮಾ

ಸಿನಿಮಾ ಮತ್ತೆ ನಿಂತಿತು. "ಮೈ ತುಮ್‌ಸೇ..." ಎಂದು ಪ್ರೀತಿ ಹೇಳಲು ಬಾಯಿ ತೆರೆದ ನಾಯಕ ತೆರೆದುಕೊಂಡೇ ಇದ್ದ.

ನನಗೆ ತಲೆ ಕೆಟ್ಟುಹೋಯಿತು.

ಕಾಶಿಯ ಯುನಿವರ್ಸಿಟಿಗೆ ಧಾರವಾಡದಿಂದ ಬಂದು ಈ ಪುಟ್ಟ ಟಾಕೀಸಿನ ಚರಿತ್ರೆ ಬರೆಯುತ್ತಿರುವವಳು ನಾನು, ವಚನಾ. ಇಲ್ಲಿ ಒಂದೇ ಒಂದು ಸಿನಿಮಾದ ಕೊನೆ ನೋಡಿಲ್ಲ. ಕಟ್ಟಡ ಮೊದಲು ಮಠದ ಛತ್ರವಾಗಿತ್ತು. ಮಣಿಕರ್ಣಿಕೆಯಲ್ಲಿ ತಮ್ಮವರನ್ನು ಸುಟ್ಟು ಬಂದ ನಮ್ಮ ಕಡೆಯ ಜನ, ರೈಲಿನ ದಿನದವರೆಗೆ ಇಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದರಂತೆ. ಅವರ ಸಂಕಟ ನೋಡಲಾರದೆ ಛತ್ರದ ಮ್ಯಾನೇಜರ್ ದಾನಯ್ಯನವರು ಅದೇ ಗೋಡೆಯ ಮೇಲೆ ಸಿನಿಮಾ ಬಿಟ್ಟರು. ಜೊತೆಗೊಂದು ನಿಯಮ: ಗಲ್ಲಿಯಲ್ಲಿ ಹೆಣ ಹೋಗುವಾಗ ಒಳಗೆ ಸಿನಿಮಾ ನಿಲ್ಲಬೇಕು.

ಮಣಿಕರ್ಣಿಕೆಯ ದಾರಿಯಲ್ಲಿ ಹೆಣಗಳಿಗೇನು ಬರ! ಎರಡು ತಾಸಿನ ಸಿನಿಮಾ ನಾಲ್ಕು ತಾಸಾದರೂ ಮುಗಿಯದು. ಅಷ್ಟರಲ್ಲಿ ನಾನಿರುವ ಮಠದಲ್ಲಿ ಊಟದ ಪಂಕ್ತಿ. ತಪ್ಪಿದರೆ ಉಪವಾಸ.

ಈಗ ಟಾಕೀಸು ನಡೆಸುವವನು ದಾನಯ್ಯನವರ ಮೊಮ್ಮಗ ತೋಂಟೇಶ. ಸಿನಿಮಾ ನಿಂತಾಗಲೆಲ್ಲ ಮೆಟ್ಟಿಲು ಹತ್ತಿ, ಅವನ ಪ್ರೊಜೆಕ್ಟರ್ ಕೋಣೆಗೆ ಹೋಗಿ ಜಗಳವಾಡುತ್ತೇನೆ. ಅವನು ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕೊಟ್ಟು, ರೆಪ್ಪೆ ತಗ್ಗಿಸಿ ನಗುತ್ತಾನೆ. ಆ ನಗು ನೋಡಿದರೆ ಸಿಟ್ಟು ಇನ್ನಷ್ಟು ಏರುತ್ತದೆ, ಆದರೂ ಅದು ನನಗೆ ಬೇಕು. ಅದೇ ತಲೆನೋವು. ನಾಳೆ ಧಾರವಾಡಕ್ಕೆ ರೈಲು. ಇನ್ನೊಂದು ವರ್ಷ ಇರಿ ಎಂದ ಯುನಿವರ್ಸಿಟಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಇವನ ಬಾಯಿಂದ ಒಂದು ಮಾತು ಬರಲಿ ಎಂದು ಕಾದಿದ್ದೇನೆ. ಬರುವ ಲಕ್ಷಣವೇ ಇಲ್ಲ.

ಮೆಟ್ಟಿಲ ಕಿಟಕಿಯಿಂದ ಗಲ್ಲಿಗೆ ಇಣುಕಿದೆ. ಒಂದು ಗೂಳಿ ಮಲಗಿತ್ತು. ಹೆಣವೂ ಇಲ್ಲ, ಹೊತ್ತವರ ರಾಮನಾಮವೂ ಇಲ್ಲ.

"ಹೆಣ ಎಲ್ಲೈತ್ರಿ?" ಬಾಗಿಲಲ್ಲೇ ಕೇಳಿದೆ.

ತೋಂಟೇಶನ ಮುಂದೆ ಎರಡು ಕುಲ್ಹಡ್‌ಗಳಲ್ಲಿ ಚಹಾ ಹಬೆಯಾಡುತ್ತಿತ್ತು.

"ಇಲ್ಲರಿ."

"ಮತ್ತ ಯಾಕ ನಿಲ್ಲಿಸಿದ್ರಿ?"

"ನಿಲ್ಲಿಸಿದ್ರ ನೀವು ಜಗಳಾಡಾಕ ಬರ್ತೀರಲ್ಲ." ಅವನ ಕಿವಿ ಕೆಂಪಾಯಿತು. "ನಾಳೆ ಹೊಂಟೀರಿ. ಆಖಿರಿ ಬಾರ್, ಕಡೀ ಸಲ ಅಂತ..."

"ಮೊದಲೂ ಹಿಂಗ ಮಾಡೀರೇನು?"

"ಮಾಡೀನ್ರಿ. ನಿಯಮ ಮಾಡಿದ ಮುತ್ಯಾ ಇದ್ದಿದ್ರ ಚಪ್ಪಲಿ ತಗೋತಿದ್ದ."

"ನಾ ಎಷ್ಟು ಊಟ ಬಿಟ್ಟೀನಿ ಗೊತ್ತೇನ್ರಿ ನಿಮಗ? ಬಾಯಿಬಿಟ್ಟು ಹೇಳಾಕ ಏನಾಗಿತ್ತು?"

"ನಿಮ್ಮ ಮ್ಯಾಲ ಜೀವ ಐತ್ರಿ," ಎಂದ ಮೆಲ್ಲಗೆ. "ನನ್ನ ಕನ್ನಡ ಅರ್ಧಾ ಹಿಂದಿ. ಛಂದಾಗಿ ಹೇಳಾಕ ಬರೂದಿಲ್ಲ."

"ಹಿಂದಿಯೊಳಗರ ಹೇಳಬೇಕಿತ್ತು!"

"ಅರೇ ಭಯ್ಯಾ, ಚಲಾವಾ!" ಕೆಳಗಿನಿಂದ ಜನ ಕೂಗಿದರು. ಅವನು ಪ್ರೊಜೆಕ್ಟರಿನ ಗುಂಡಿಯತ್ತ ಕೈ ಚಾಚಿದ. ನಾನು ಆ ಕೈ ಹಿಡಿದೆ.

"ತಡೀರಿ. ಟಿಕೆಟ್ ಕ್ಯಾನ್ಸಲ್ ಮಾಡಬೇಕು. ಇರ್ತೀನಿ ಅಂತ ಯುನಿವರ್ಸಿಟಿಗೆ ಮೇಲ್ ಹಾಕಬೇಕು. ಆಮ್ಯಾಲ ಬಿಡ್ರಿ ನಿಮ್ಮ ಸಿನಿಮಾ."

ಅವನು ಬಾಯಿ ತೆರೆದುಕೊಂಡೇ ನಿಂತ, ಥೇಟ್ ಪರದೆಯ ಮೇಲಿನವನ ಹಾಗೆ. ಕೆಳಗೆ ಗಲಾಟೆ ಜೋರಾಯಿತು. ನಾನೇ ಕಿಂಡಿಗೆ ಮುಖವಿಟ್ಟು, ಜಗಳ ಮುಗಿಯಲಿ ತಡೀರಿ ಎಂದು ಹಿಂದಿಯಲ್ಲೇ ಕಿರುಚಿದೆ: "ಥೋಡಾ ರುಕಿಯೇ ಭಾಯಿಸಾಬ್, ಯಹಾಂ ಝಗಡಾ ಚಲ್ ರಹಾ ಹೈ!"

ಅವತ್ತೂ ಮಠದ ಊಟ ತಪ್ಪಿತು. ನನ್ನ ಸಿಟ್ಟು ಇಳಿದಿರಲಿಲ್ಲ. ಅವನ ಕೈಯನ್ನೂ ಬಿಟ್ಟಿರಲಿಲ್ಲ.