ಲ್ಯಾಬಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತುಂಗಾತೀರ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಜಯೇಂದ್ರ ಶಿವಮೊಗ್ಗದ ಠಾಣೆಗೆ ಬಂದು ದೂರು ಕೊಟ್ಟರು. ಅವರು ಮುಖ್ಯಸ್ಥರಾಗಿದ್ದ ವಿಭಾಗಕ್ಕೆ ಹೊಸದಾಗಿ ತರಿಸಿದ್ದ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಡಿಟೆಕ್ಟರ್ ಕಳುವಾಗಿತ್ತು. ಅಂಗೈಯಲ್ಲಿ ಹಿಡಿಸುವ ವಸ್ತು. ಆದರೆ ಯಂತ್ರಕ್ಕೆ ಅದೇ ಕಣ್ಣು. ಅದಿಲ್ಲದಿದ್ದರೆ ಅಷ್ಟು ದೊಡ್ಡ ಯಂತ್ರ ಬರೀ ಕಬ್ಬಿಣದ ಬೀರು. ಬುಧವಾರ ಕಂಪನಿಯವರು ಬಂದು ತರಬೇತಿ ಶುರು ಮಾಡಬೇಕಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಜಂಬಣ್ಣ ಕೇಳಿದರು.

"ಸಿದ್ದು ಅಂತ ಕಸ ಗುಡಿಸೋನು. ಗುತ್ತಿಗೆ ನೌಕರ. ಅವನ ಹತ್ರ ಕಟ್ಟಡದ ಎಲ್ಲಾ ಬೀಗದ ಕೈಗಳೂ ಇರುತ್ತವೆ."

ಎಫ್‌ಐಆರ್ ದಾಖಲಾಯಿತು. ಜಂಬಣ್ಣ ಕಾನ್‌ಸ್ಟೇಬಲ್ ಸಂಘಮಿತ್ರಾಳನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಬೀಗ ಒಡೆದಿರಲಿಲ್ಲ. ಕಿಟಕಿಗಳು ಭದ್ರವಾಗಿದ್ದವು. ಲ್ಯಾಬಿನ ಬಾಗಿಲಿಗೆ "ಪಾದರಕ್ಷೆ ಹೊರಗೆ ಬಿಡಿ" ಎಂಬ ಬೋರ್ಡಿತ್ತು. ಪ್ರೊಫೆಸರ್ ಅದರ ಕೆಳಗಿಂದಲೇ ಬೂಟು ಹಾಕಿಕೊಂಡು ಒಳಗೆ ನಡೆದರು. ಅವರ ಹಿಂದೆ ಜಂಬಣ್ಣನೂ ನಡೆದರು. ಇಬ್ಬರು ಪಂಚರ ಎದುರು ಪಂಚನಾಮೆ ಮುಗಿಯಿತು.

ಸಿಸಿಟಿವಿ ಇದ್ದದ್ದು ಕಾರಿಡಾರಿನಲ್ಲಿ ಮಾತ್ರ. ಶನಿವಾರ ಸಂಜೆ ಐದೂಕಾಲಿಗೆ, ಎಲ್ಲರೂ ಹೋದ ಮೇಲೆ, ರೇನ್‌ಕೋಟು ಹೆಲ್ಮೆಟ್ಟಿನ ಒಬ್ಬ ಬಂದ. ಮುಖ ಕಾಣಲಿಲ್ಲ. ಬಾಗಿಲ ಬಳಿ ನಿಂತು ಚಪ್ಪಲಿ ಕಳಚಿದ. ಬಗ್ಗಿ ಅವನ್ನು ಜೋಡಿಸಿ, ತುದಿ ಗೋಡೆಗೆ ತಾಗುವಂತೆ ಇಟ್ಟು ಒಳಗೆ ಹೋದ.

"ಇನ್ನೊಂದ್ಸಲ ಹಾಕಮ್ಮ," ಅಂದರು ಜಂಬಣ್ಣ.

ಸಂಘಮಿತ್ರಾ ಮತ್ತೆ ಹಾಕಿದಳು. "ಕಳ್ಳತನಕ್ಕೆ ಬಂದೋನು ಚಪ್ಪಲಿ ಬಿಟ್ಟು ಹೋಗ್ತಾನಾ ಸಾರ್? ದೇವಸ್ಥಾನಾನಾ ಇದು?"

"ದೇವಸ್ಥಾನದಲ್ಲೂ ಕಳ್ಳ ಚಪ್ಪಲಿ ಬಿಡಲ್ಲ. ಇನ್ನೊಬ್ಬರದ್ದು ಹಾಕ್ಕೊಂಡು ಹೋಗ್ತಾನೆ. ಆ ಸಿದ್ದುನ ಕರಿ."

ಸಿದ್ದು ಪೊರಕೆ ಹಿಡಿದೇ ಬಂದ. ಬೆಳಿಗ್ಗೆಯೇ ಪ್ರೊಫೆಸರ್ ಅವನಿಗೆ ನಾಳೆಯಿಂದ ಬರಬೇಡ ಎಂದಿದ್ದರು. ವಿಚಾರಣೆಯೇ ಇಲ್ಲದೆ ಶಿಕ್ಷೆ.

"ಮೈಕ್ರೋಸ್ಕೋಪ್ ರೂಮಿಗೆ ಯಾವಾಗ ಹೋಗಿದ್ದೆ?" ಸಂಘಮಿತ್ರಾ ಕೇಳಿದಳು.

"ನಾನು ಅದರೊಳಗೆ ಕಾಲೇ ಇಟ್ಟಿಲ್ಲ ಮೇಡಂ. ಧೂಳೆದ್ದರೆ ಮೆಷಿನ್ ಹಾಳಾಗುತ್ತೆ ಅಂತ ಶಿವಕುಮಾರಣ್ಣ ಯಾರನ್ನೂ ಬಿಡಲ್ಲ. ಅವರೇ ಬಟ್ಟೇಲಿ ಒರೆಸ್ಕೊಳ್ತಾರೆ."

"ಯಾರು ಶಿವಕುಮಾರಣ್ಣ?"

"ಟೆಕ್ನಿಷಿಯನ್. ಆ ರೂಮಿನ ಇನ್ನೊಂದು ಕೀ ಅವರ ಹತ್ರಾನೇ ಇರುತ್ತೆ. ಭದ್ರಾವತಿಯಿಂದ ದಿನಾ ಬೈಕಲ್ಲಿ ಬರ್ತಾರೆ."

ಶಿವಕುಮಾರ್ ನಲವತ್ತೆಂಟರ ಮನುಷ್ಯ. ಐಟಿಐ ಮುಗಿಸಿ ಸೇರಿದಾಗ ತಾಂತ್ರಿಕ ಸಹಾಯಕ, ಈಗಲೂ ತಾಂತ್ರಿಕ ಸಹಾಯಕ.

"ಶನಿವಾರ ಸಂಜೆ ಎಲ್ಲಿದ್ರಿ?" ಜಂಬಣ್ಣ ಕೇಳಿದರು.

"ಮನೇಲಿ."

"ರೇನ್‌ಕೋಟ್ ಇದೆಯಾ?"

"ಬೈಕಲ್ಲಿ ಓಡಾಡೋನಿಗೆ ಇರಲ್ವಾ ಸಾರ್?"

"ಸರಿ. ಡಿಟೆಕ್ಟರ್ ಎಲ್ಲಿತ್ತು, ಬಂದು ತೋರಿಸಿ."

ಶಿವಕುಮಾರ್ ಮುಂದೆ ನಡೆದ. ಬಾಗಿಲ ಬಳಿ ಚಪ್ಪಲಿ ಕಳಚಿದ, ಬಗ್ಗಿ ಜೋಡಿಸಿದ, ತುದಿಯನ್ನು ಗೋಡೆಗೆ ತಾಗಿಸಿದ. ತಲೆ ಎತ್ತಿದಾಗ ಜಂಬಣ್ಣ ಅವನ ಚಪ್ಪಲಿಯನ್ನೇ ನೋಡುತ್ತಿದ್ದರು. ಸಂಘಮಿತ್ರಾ ಮೊಬೈಲಿನಲ್ಲಿ ಶನಿವಾರದ ದೃಶ್ಯವನ್ನು ಅವನ ಮುಂದೆ ಹಿಡಿದಳು. ಅವನು ಪೂರ್ತಿ ನೋಡಲಿಲ್ಲ.

"ಸಿದ್ದುನ ಬಿಟ್ಬಿಡಿ ಸಾರ್," ಅಂದ. "ಅವನ ತಲೆ ಮೇಲೆ ಬರುತ್ತೆ ಅಂತ ನಂಗೆ ಹೊಳೀಲೇ ಇಲ್ಲ."

"ಮಾಲು ಎಲ್ಲಿದೆ?"

"ಮನೇಲಿ. ಜೋಪಾನವಾಗಿದೆ."

ಜೀಪು ಭದ್ರಾವತಿ ರಸ್ತೆ ಹಿಡಿದು ಮಲವಗೊಪ್ಪ ದಾಟಿತು. ಆಮೇಲೆ ಜಂಬಣ್ಣನೇ ಕೇಳಿದರು.

"ಮಾರೋಕೆ ತಗೊಂಡ್ರಾ?"

"ಯಾರು ಕೊಳ್ತಾರೆ ಸಾರ್ ಇದನ್ನ? ವಾಪಸ್ ಇಡೋನೇ ಇದ್ದೆ." ಶಿವಕುಮಾರ್ ಹೇಳಿದ. "ತರಬೇತಿಗೆ ಎರಡೇ ಸೀಟು. ಒಂದು ಪ್ರೊಫೆಸರಿಗೆ, ಇನ್ನೊಂದು ಅವರ ಕೈಕೆಳಗಿನ ಅತಿಥಿ ಉಪನ್ಯಾಸಕ ಮಧುಗೆ. ಹಳೇ ಮೆಷಿನನ್ನ ಇಷ್ಟು ವರ್ಷ ಓಡಿಸಿದ್ದು ನಾನು. ನನ್ನನ್ನೂ ಸೇರಿಸಿ ಅಂತ ಕೇಳ್ದೆ. ಸ್ವಿಚ್ ಹಾಕೋನಿಗೆಲ್ಲಾ ಯಾಕಯ್ಯಾ ತರಬೇತಿ ಅಂದ್ರು. ತರಬೇತಿ ಇಲ್ಲ ಅಂದ್ರೆ ಹೊಸ ಮೆಷಿನ್ ಮುಟ್ಟೋ ಹಾಗಿಲ್ಲ. ಹಳೇದು ಗುಜರಿಗೆ. ನಾನು ಹಾಸ್ಟೆಲಿನ ಪಂಪ್‌ಹೌಸಿಗೆ."

"ಅದಕ್ಕೆ ಕದಿಯೋದಾ?"

"ಮುಂದಿನ ತಿಂಗಳು ಅವರ ಸರದಿ ಮುಗಿಯುತ್ತೆ. ಬೇರೆ ಮುಖ್ಯಸ್ಥರು ಬರ್ತಾರೆ. ಅಲ್ಲೀವರೆಗೆ ತರಬೇತಿ ಮುಂದಕ್ಕೆ ಹೋದ್ರೆ, ಹೆಸರು ಹೊಸದಾಗಿ ಕೇಳ್ತಾರೇನೋ ಅಂತ."

ಜಂಬಣ್ಣನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ. "ಸುಮ್ನೆ ಕೂತ್ಕೊಳ್ರೀ," ಅಂದರು.

ಓಲ್ಡ್ ಟೌನಿನ ಮನೆಯಲ್ಲಿ ಹೆಂಡತಿ ಶಾಂತಮ್ಮ ಬಾಗಿಲು ತೆಗೆದಳು. ಗಂಡನನ್ನೂ ಪೊಲೀಸರನ್ನೂ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪಂಚರಾಗಿ ಪಕ್ಕದ ಬೀದಿಯ ಇಬ್ಬರನ್ನು ಕರೆಸಲಾಯಿತು. ಶಿವಕುಮಾರ್ ಅಟ್ಟದ ಮೇಲಿನ ಸ್ಟೀಲ್ ಡಬ್ಬ ತೋರಿಸಿದ.

"ಅದು ನನ್ನ ಚಕ್ಕುಲಿ ಡಬ್ಬ ಕಣ್ರೀ," ಅಂದಳು ಶಾಂತಮ್ಮ. "ಖಾಲಿ ಮಾಡಿಸಿ, ಬಿಸಿಲಲ್ಲಿ ಒಣಗಿಸಿ ತಗೊಂಡ್ರು. ಏನು ಅಂತ ಕೇಳಿದ್ರೆ, ಮುಟ್ಟಬೇಡ ಮಾರಾಯ್ತಿ, ಯೂನಿವರ್ಸಿಟೀದು ಅಂದ್ರು."

ಮುಚ್ಚಳ ತೆಗೆದಾಗ ಸ್ಪಿರಿಟ್ ವಾಸನೆ ಬಂತು. ಒಳಗೆ ತೇವ ಹೀರುವ ಬಿಳಿ ಪೊಟ್ಟಣಗಳ ನಡುವೆ, ಮೆತ್ತನೆ ಬಟ್ಟೆಯಲ್ಲಿ ಡಿಟೆಕ್ಟರ್ ಮಲಗಿತ್ತು. ಜಪ್ತಿ ಪಂಚನಾಮೆ ಬರೆದು ಎಲ್ಲರೂ ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಬರಬೇಕಿದ್ದ ಕಂಪನಿಯ ಇಂಜಿನಿಯರ್ ಜ್ಞಾನೇಶ್‌ನನ್ನು ಮಂಗಳವಾರವೇ ಠಾಣೆಗೆ ಕರೆಸಿದರು. ಹಿಂದಿನ ದಿನ ನೋಟಿಸು ಕೊಟ್ಟು ಮನೆಗೆ ಬಿಟ್ಟಿದ್ದ ಶಿವಕುಮಾರನೂ ಮುಂದಿನ ವಿಚಾರಣೆಗೆಂದು ಬಂದು ಬೆಂಚಿನ ಮೇಲೆ ಕುಳಿತಿದ್ದ. ಜ್ಞಾನೇಶ್ ಕೈಗವಸು ತೊಟ್ಟು, ಮಾಲನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ನಂಬರ್ ಸರಿ ಇದೆ, ನಮ್ಮದೇ. ಆದರೆ ಇದು ಹೋಗಿದೆ ಸಾರ್. ಯಾರೋ ಮುಂದಿನ ಭಾಗ ಒರೆಸಿದ್ದಾರೆ."

"ನಾನೇ ಒರೆಸಿದ್ದು," ಅಂದ ಶಿವಕುಮಾರ್. "ಬೆರಳು ತಾಗಿತ್ತು. ಸ್ಪಿರಿಟ್ ಹಾಕಿ ಒರೆಸ್ದೆ. ಹಳೇದನ್ನ ಪ್ರತಿ ವಾರ ಹಾಗೇ ಒರೆಸ್ತಿದ್ದೆ."

"ಹಳೇದರಲ್ಲಿ ಗಾಜು ಇತ್ತು. ಇದರಲ್ಲಿ ಇದ್ದದ್ದು ತೆಳು ಪೊರೆ. ಬಟ್ಟೆ ತಾಗಿದ್ರೂ ಹರಿಯುತ್ತೆ."

"ಹಾಗಾದ್ರೆ ಯಾತರಲ್ಲಿ ಒರೆಸ್ಬೇಕಿತ್ತು?"

"ಒರೆಸೋದೇ ಇಲ್ಲ. ಧೂಳಿದ್ರೂ ಹಾಗೇ ಬಿಡಬೇಕು." ಜ್ಞಾನೇಶ್ ಅವನ ಕಡೆ ನೋಡಿದ. "ತರಬೇತೀಲಿ ಮೊದಲನೇ ದಿನ ಹೇಳೋದೇ ಅದನ್ನ."

ಶಿವಕುಮಾರ್ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ.

ಮಧ್ಯಾಹ್ನ ಹನ್ನೆರಡಕ್ಕೆ ಬಂಧನ ದಾಖಲಾಯಿತು. ನೌಕರನೇ ಮಾಡಿದ ಕಳವು, ಜೊತೆಗೆ ಈಗ ಸ್ವತ್ತಿನ ನಾಶ. ಇನ್ನು ಪಂಪ್‌ಹೌಸಿನ ಕೆಲಸವೂ ಇಲ್ಲ. ಶಾಂತಮ್ಮನಿಗೆ ಫೋನಿನಲ್ಲಿ ತಿಳಿಸಿದವಳು ಸಂಘಮಿತ್ರಾ. ಸಿದ್ದುವನ್ನು ಕೆಲಸಕ್ಕೆ ಮತ್ತೆ ಕರೆಯಿರಿ ಎಂದು ಜಂಬಣ್ಣ ಪ್ರೊಫೆಸರರಿಗೆ ಫೋನು ಮಾಡಿದರು. ನೋಡೋಣ ಎಂದು ಉತ್ತರ ಬಂತು. ಜಂಬಣ್ಣ ಫೋನನ್ನು ಮೇಜಿನ ಮೇಲೆ ಕುಕ್ಕಿದರು.

ಹಣಕ್ಕೆ ಕದ್ದವರನ್ನು, ಹಟಕ್ಕೆ ಕದ್ದವರನ್ನು ಆ ಠಾಣೆ ಬೇಕಾದಷ್ಟು ನೋಡಿತ್ತು. ಕಲಿಯುವ ಸಾಲಿನಲ್ಲಿ ಒಂದು ಜಾಗಕ್ಕಾಗಿ ಕದ್ದವನು ಇವನೊಬ್ಬನೇ.

ಸೆಲ್ಲಿನ ಬಾಗಿಲಲ್ಲಿ ಶಿವಕುಮಾರ್ ನಿಂತ. ಚಪ್ಪಲಿ ಕಳಚಿ, ಬಗ್ಗಿ, ಜೋಡಿಸತೊಡಗಿದ.

"ಹಾಕ್ಕೊಂಡೇ ಹೋಗಿ," ಅಂದಳು ಸಂಘಮಿತ್ರಾ. "ಒಳಗೆ ನೆಲ ಗಲೀಜಿದೆ."