ಎರಡು ಓಟಗಳ ನಡುವೆ

ಒದ್ದೆ ಬಟ್ಟೆಯನ್ನು ಹಿಂಡಿಕೊಂಡು ಅವಳು ಇನ್ನೊಂದು ಹರ್ಡಲ್‌ನ ಹಲಗೆ ಒರೆಸಲು ಕುಳಿತಳು. ಕ್ರೀಡಾಂಗಣದ ಉಗ್ರಾಣದೊಳಗೆ ಬೆಳಗಿನ ಬಿಸಿಲು ಬಾಗಿಲ ಸಂದಿಯಿಂದ ಒಂದೇ ಒಂದು ಗೆರೆಯಾಗಿ ಬಂದಿತ್ತು. ಆ ಗೆರೆಯಲ್ಲಿ ಧೂಳಿನ ಕಣಗಳು ನಿದ್ದೆಗಣ್ಣಲ್ಲಿ ತೇಲುತ್ತಿದ್ದವು.

ಇದ್ದಕ್ಕಿದ್ದಂತೆ ಗೆರೆ ಅಳಿಸಿಹೋಯಿತು.

ಬಾಗಿಲಲ್ಲಿ ಯಾರೋ ಒಬ್ಬ ನಿಂತಿದ್ದ. ಎತ್ತರದ ಮೈಕಟ್ಟು, ಹೆಗಲಿಗೊಂದು ಚೀಲ.

"ಸ್ಟಾರ್ಟಿಂಗ್ ಬ್ಲಾಕ್ ಇಲ್ಲೇ ಇಡ್ತಾರಾ?"

"ಆ ಮೂಲೇಲಿವೆ. ನೀವು ಯಾರು?"

"ಸ್ಪ್ರಿಂಟ್ ಕೋಚ್. ಇವತ್ತಿಂದ."

ಅವಳ ಕೈ ಹಲಗೆಯ ಮೇಲೇ ನಿಂತಿತು. ಓಹೋ... ಇವರೇನಾ!

ಹಿಂದಿನ ವಾರವಷ್ಟೇ ಕ್ರೀಡಾಂಗಣದ ಮೇಲಧಿಕಾರಿ ಕರೆದು ಹೇಳಿದ್ದರು: "ನಿಮ್ಮ ಹುಡುಗೀಗೆ ವೇಗ ಸಾಲ್ದು. ಇನ್ಮೇಲೆ ಹೊಸ ಕೋಚೂ ನೀವೂ ಸೇರಿ ಅವಳನ್ನ ತಯಾರು ಮಾಡಿ." ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಬೀದಿಯಲ್ಲಿ ಓಡಾಡಿಕೊಂಡಿದ್ದ ಹುಡುಗಿಯನ್ನು ಕೈಹಿಡಿದು ಟ್ರ್ಯಾಕಿಗೆ ತಂದು ಹರ್ಡಲ್ಸ್ ಕಲಿಸಿದವಳು ತಾನು. ಈಗ ಅರ್ಧ ಪಾಲು ಕೇಳಲು ಬಂದರಲ್ಲ!

"ನನ್ನ ಹುಡುಗೀಗೆ ವೇಗ ಇಲ್ಲ ಅಂದೋರು ನೀವೇನಾ?"

"ನಾನಿನ್ನೂ ಅವಳನ್ನ ನೋಡೇ ಇಲ್ವಲ್ರೀ..."

ಅವನು ನಕ್ಕ. ಬಕೆಟ್ಟಿನ ಅಂಚಿಗಿದ್ದ ಇನ್ನೊಂದು ಬಟ್ಟೆ ತೆಗೆದುಕೊಂಡು, ಕೇಳದೆ ಹೇಳದೆ ಪಕ್ಕದ ಹರ್ಡಲ್ ಒರೆಸತೊಡಗಿದ. ಅವಳು ಓರೆಗಣ್ಣಲ್ಲಿ ನೋಡಿದಳು. ಅದೇ ಹೊತ್ತಿಗೆ ಅವನೂ ನೋಡಿದ. ಕಣ್ಣುಗಳು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನಿಂತವು.

ಛೆ! ಕೋಪದಲ್ಲಿರುವಾಗ ಎದೆ ಹೀಗೆ ಹೊಡೆದುಕೊಳ್ಳಬಾರದು...

ಆ ಸಂಜೆ ಬುಗುರಿ ಓಡಿದಳು. ಬುಗುರಿ ಎಂದರೆ ಅದೇ ಹುಡುಗಿ. ಹರ್ಡಲ್‌ಗೆ ಕಾಲು ತಗುಲಿದಾಗಲೆಲ್ಲ ಗಿರ್ರನೆ ಸುತ್ತಿ ಬೀಳುತ್ತಿದ್ದಳೆಂದು ಗೆಳತಿಯರು ಇಟ್ಟ ಹೆಸರು. ಅಂದೂ ಅರ್ಧ ದಾರಿಯಲ್ಲಿ ಹಲಗೆ ದಡಾರನೆ ಉರುಳಿತು.

"ಮೊಣಕಾಲು ಮೇಲೆ ಬರ್ಲಿಲ್ಲ! ಕೈ ಅಡ್ಡ ಹೋಯ್ತು! ಹಿಂದಿನ ಕಾಲು ಎಳ್ಕೊಂಡು ಬಂದೆ! ಎಷ್ಟು ಸಲ ಹೇಳ್ಬೇಕೇ ನಿಂಗೆ?" ಹುಡುಗಿಗೆ ಉಸಿರು ಬರುವ ಮೊದಲೇ ಅವಳು ಹೇಳಿ ಮುಗಿಸಿದ್ದಳು.

"ಸರಿ ಮೇಡಂ..." ಬುಗುರಿ ತಲೆ ತಗ್ಗಿಸಿದಳು.

ಅವನು ಹೋಗಿ ಬುಗುರಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ನೀರಿನ ಬಾಟಲಿ ಕೊಟ್ಟ. ಅಷ್ಟೇ. ದೂರದ ಮರಗಳನ್ನು ನೋಡುತ್ತ ಸುಮ್ಮನಿದ್ದ.

ಸಂಬಳ ತಗೊಂಡು ಬಾಯಿಗೆ ಬೀಗ ಹಾಕ್ಕೊಂಡಿದಾರಲ್ಲ! ಅವಳಿಗೆ ಮೈಯೆಲ್ಲ ಉರಿಯಿತು.

ಸ್ವಲ್ಪ ಹೊತ್ತಿನ ಮೇಲೆ ಬುಗುರಿಯೇ ಬಾಯಿ ಬಿಟ್ಟಳು. "ಸರ್... ಮೇಲೆ ಹೋಗೋದು ಭಯ ಇಲ್ಲ. ಹೋದ್ಮೇಲೆ ನೆಲ ಎಲ್ಲಿದೆ ಅಂತ ಭಯ ಆಗತ್ತೆ. ಅದಕ್ಕೇ ಕಾಲು ಬೇಗ ಇಳಿಸಿಬಿಡ್ತೀನಿ."

ಅವಳು ಬೆಚ್ಚಿದಳು. ಇಷ್ಟು ಕಾಲ ಜೊತೆಗಿದ್ದೂ ಈ ಮಾತನ್ನು ಹುಡುಗಿ ತನಗೆ ಹೇಳಿರಲಿಲ್ಲ. ಹೇಳುವುದಕ್ಕೆ ತಾನೆಲ್ಲಿ ಜಾಗ ಬಿಟ್ಟಿದ್ದೆ?

ಹುಡುಗಿ ಹೋದ ಮೇಲೆ ಅವಳು ಅವನ ಎದುರು ನಿಂತಳು. "ಇದೇನು ಮಂತ್ರ ನಿಮ್ದು?"

"ಮಂತ್ರ ಏನಿಲ್ಲ. ಓಡಿದೋರು ಮೊದಲು ಮಾತಾಡ್ಬೇಕು, ಆಮೇಲೆ ನಾವು. ಅವರ ಕಾಲಿಗೆ ಏನು ಗೊತ್ತಾಯ್ತು ಅನ್ನೋದು ಅವರಿಗೇ ಗೊತ್ತಿರತ್ತೆ. ನಾವು ಮೊದಲೇ ಬಾಯಿ ಹಾಕಿದ್ರೆ ಅದು ಅಳಿಸಿಹೋಗತ್ತೆ."

"ಮತ್ತೆ ನಾನು ಇಷ್ಟು ದಿನ ಕಿರುಚಿದ್ದೆಲ್ಲ ವೇಸ್ಟಾ?"

"ಅಯ್ಯೋ, ಹಾಗಂದ್ನಾ? ಅವಳ ಕಾಲಲ್ಲಿ ತಾಳ ಇದೆ. ಅದು ನೀವು ಕೊಟ್ಟಿದ್ದು. ನನ್ನ ಕೈಲಿ ಆಗೋ ಕೆಲ್ಸ ಅಲ್ಲ ಅದು."

ಮುಳ್ಳು ಯಾವಾಗ ಕಳಚಿ ಬಿತ್ತೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಅವಳು ಹರ್ಡಲ್‌ಗಳನ್ನೆಲ್ಲ ತಗ್ಗಿಸಿ ಒಂದಕ್ಕೊಂದು ಹತ್ತಿರ ಇಟ್ಟಳು.

"ಯಾಕೆ ಇಷ್ಟು ಹತ್ತಿರ?" ಎಂದು ಅವನು ಕೇಳಿದ, ಕಲಿಯಲು ಬಂದವನ ಹಾಗೆ.

"ಎತ್ತರ ಕಮ್ಮಿ ಆದ್ರೆ ನೆಲ ಬೇಗ ಸಿಗತ್ತೆ, ಭಯ ಹೋಗತ್ತೆ. ಜಾಗ ಕಮ್ಮಿ ಆದ್ರೆ ಕಾಲು ತಾನಾಗೇ ಚುರುಕಾಗತ್ತೆ. ಆಮೇಲೆ ಒಂದೊಂದೇ ದೂರ ಮಾಡ್ತಾ ಹೋಗೋದು, ಅವಳಿಗೇ ಗೊತ್ತಾಗದ ಹಾಗೆ."

"ಭಾರೀ ಕಿಲಾಡಿ ನೀವು!"

ಅವನ ಕಟ್ಟುನಿಟ್ಟು ಇನ್ನೊಂದು ಬಗೆಯದು. ಪೂರ್ತಿ ವೇಗದ ಒಂದು ಓಟ ಮುಗಿದರೆ ಪೂರ್ತಿ ವಿಶ್ರಾಂತಿ. ಉಸಿರು ತಣ್ಣಗಾಗಿ, ಕಾಲು ಹಗುರಾಗುವವರೆಗೂ ಇನ್ನೊಂದಿಲ್ಲ. "ದಣಿದ ಕಾಲಿಗೆ ವೇಗ ಹೇಳ್ಕೊಟ್ರೆ ಅದು ದಣಿವನ್ನೇ ಕಲ್ತ್ಕೊಳತ್ತೆ" ಎನ್ನುತ್ತಿದ್ದ.

ಆ ಬಿಡುವಿನಲ್ಲೇ ಅವರ ಪ್ರೀತಿ ಬೆಳೆಯಿತು. ಬುಗುರಿ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿದರೆ, ಇವರಿಬ್ಬರೂ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಕೆಂಪು ಟ್ರ್ಯಾಕಿನ ಮೇಲೆ ಮಂಜು ಹಾಲಿನ ಕೆನೆಯಂತೆ ಹಬ್ಬಿರುತ್ತಿತ್ತು. ಬಿಳಿಯ ಗೆರೆಗಳು ಸ್ವಲ್ಪ ದೂರ ಹೋಗಿ ಅದರೊಳಗೆ ಕರಗುತ್ತಿದ್ದವು. ಆಚೆ ತುದಿಯಲ್ಲಿ ಜಗತ್ತೇ ಇಲ್ಲವೇನೋ, ಇರುವುದು ಈ ಮೆಟ್ಟಿಲು ಮಾತ್ರವೇನೋ ಎನ್ನಿಸುತ್ತಿತ್ತು ಅವಳಿಗೆ. ಅವನು ಮಾತಾಡುತ್ತಿದ್ದುದು ಕಡಿಮೆ. ಆದರೆ ಅವಳು ಹೇಳಿದ ಒಂದನ್ನೂ ಮರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಹೆಜ್ಜೆಯ ಸದ್ದಿನಲ್ಲೇ ತಪ್ಪು ಹಿಡಿಯುತ್ತೇನೆ ಎಂದು ಅವಳು ಒಮ್ಮೆ ಅಂದದ್ದಕ್ಕೆ, ಆಮೇಲೆ ಪ್ರತಿ ಓಟದಲ್ಲೂ ಅವನು ಕಣ್ಣು ಮುಚ್ಚಿ ಕೂರಲು ಕಲಿತ.

ಅಂಥ ಒಂದು ಬೆಳಿಗ್ಗೆ ಬುಗುರಿ ಕೆಳಗಿನಿಂದ ಕೂಗಿದಳು. "ಮೇಡಂ! ನನ್ನ ಉಸಿರು ಯಾವಾಗ್ಲೋ ಬಂತು. ನಿಮ್ಮಿಬ್ಬರ ವಿಶ್ರಾಂತಿ ಮುಗೀತಾ?"

ಇಬ್ಬರೂ ಗಡಬಡಿಸಿ ಎದ್ದರು. ಅವಳ ಕೆನ್ನೆ ಟ್ರ್ಯಾಕಿನ ಬಣ್ಣಕ್ಕೆ ತಿರುಗಿತ್ತು!

ಹೀಗಿರುವಾಗಲೇ ದೂರದ ದೊಡ್ಡ ತರಬೇತಿ ಕೇಂದ್ರದಿಂದ ಕರೆಯೋಲೆ ಬಂತು. ಹರ್ಡಲ್ಸ್ ವಿಭಾಗಕ್ಕೇ ಅವಳು ಮುಖ್ಯ ಕೋಚ್. ಒಪ್ಪಿಗೆಯನ್ನು ಸಹಿ ಹಾಕಿ ಅಂಚೆಯಲ್ಲಿ ಕಳಿಸಬೇಕು. ಕೊರಳಿಗೆ ಸೀಟಿ ಹಾಕಿಕೊಂಡ ದಿನದಿಂದ ಅವಳು ಕಂಡ ಕನಸು ಅದು. ಓದಿದಾಗ ಖುಷಿಯಾಯಿತು. ಮರುಕ್ಷಣವೇ ಆ ಮೆಟ್ಟಿಲು ನೆನಪಾಯಿತು...

"ನನ್ನ ಕರೀತಿದ್ದಾರೆ. ತುಂಬಾ ದೂರ" ಎಂದು ಅವನಿಗೆ ಹೇಳಿದಳು. ಹೇಳಿ ಕಾದಳು.

ಅವನು ಮಂಜನ್ನೇ ನೋಡುತ್ತ ಕುಳಿತ.

"ಹೋಗ್ಲಾ?"

ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತತೊಡಗಿದ.

"ನಿಮಗೇನೂ ಅನ್ಸಲ್ವಾ?"

"ಮೊದಲು... ನಿಮಗೇನು ಅನ್ಸತ್ತೆ ಹೇಳಿ."

ಬೇಡ ಅನ್ನಬಹುದಿತ್ತು. ಹೋಗಿ ಅನ್ನಬಹುದಿತ್ತು. ಮುಖ ಸಣ್ಣದಾದರೂ ಮಾಡಬಹುದಿತ್ತು! ಇಷ್ಟೇ ಆಗಿದ್ನಾ ನಾನು ಇವರಿಗೆ? ಎದ್ದು ಹೊರಟಳು. ಹಿಂದಿನಿಂದ ಕರೆ ಬರುತ್ತದೆಂದು ಗೇಟಿನವರೆಗೂ ನಿಧಾನವಾಗಿ ನಡೆದಳು. ಬರಲಿಲ್ಲ.

ಮರುದಿನದಿಂದ ಬುಗುರಿಯ ಹರ್ಡಲ್ ಅಭ್ಯಾಸ ಬೆಳಿಗ್ಗೆ, ಅವನ ಪಾಠ ಸಂಜೆ ಎಂದು ಬೇರೆ ಮಾಡಿಬಿಟ್ಟಳು. ಅವನು ಅದಕ್ಕೂ ಏನೂ ಕೇಳಲಿಲ್ಲ. ಅವಳು ಸಿಟ್ಟಿನಲ್ಲಿ "ಬರುತ್ತೇನೆ" ಎಂದು ಬರೆದು, ಸಹಿ ಹಾಕಿ, ಲಕೋಟೆಯನ್ನು ಅಂಟಿಸಿಯೂ ಆಯಿತು. ಅಂಚೆ ಡಬ್ಬಿ ಬೀದಿಯ ತಿರುವಿನಲ್ಲೇ ಇತ್ತು. ಆದರೆ ಕಾಲು ಆ ಕಡೆ ಹೋಗಲಿಲ್ಲ. ವಾರಗಳು ಉರುಳಿದವು. ಕೇಂದ್ರದವರು ಎರಡು ಸಲ ನೆನಪಿಸಿದರು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಎಲ್ಲ ನೋಡುತ್ತಿದ್ದರು. "ಅಲ್ವೇ, ಆ ಕಾಗದ ಮೇಜಿನ ಮೇಲೆ ಕೂತು ಮೊಟ್ಟೆ ಇಡತ್ತೆ ಅಂದ್ಕೊಂಡಿದೀಯಾ?"

"ಹಾಕ್ತೀನಿ ಬಿಡಮ್ಮಾ, ನಾಳೆ..."

"ನಿನ್ನ ನಾಳೆಗೆ ನನಗಿಂತ ವಯಸ್ಸಾಯ್ತು. ಆ ಮೌನಿ ಮಾಸ್ಟ್ರು ಏನಂದ್ರು?"

"ಏನೂ ಅನ್ಲಿಲ್ಲ. ಅದೇ ಸಂಕಟ!" ಎಂದು ಅವಳು ಒಳಗೆ ಹೋಗಿ ದಿಂಬಿಗೆ ಮುಖ ಒತ್ತಿದಳು. ಹೋದರೆ ಅವನನ್ನು ಕಳೆದುಕೊಂಡಂತೆ. ಹೋಗದಿದ್ದರೆ, ತನ್ನನ್ನು ಬೇಡವೆಂದವನಿಗಾಗಿ ಕನಸನ್ನೇ ಬಿಟ್ಟಂತೆ. ಯಾವುದಕ್ಕೆಂದು ಅಳುವುದು?

ದೊಡ್ಡ ಸ್ಪರ್ಧೆಗೆ ಆಯ್ಕೆ ಮಾಡುವ ಓಟದ ದಿನ ಬಂತು; ಮೊದಲ ಇಬ್ಬರಿಗೆ ಅವಕಾಶ. ಬುಗುರಿ ಗೆರೆಯ ಹಿಂದೆ ಕೂತಾಗ ಅವಳು ಕಣ್ಣು ಮುಚ್ಚಿದಳು.

ಪಿಸ್ತೂಲಿನ ಸದ್ದು! ಆಮೇಲೆ ಹೆಜ್ಜೆಗಳು. ಒಂದೇ ತಾಳ, ಒಂದೇ ನಡೆ... ಸಣ್ಣ ಬಿಡುವು, ಮತ್ತೆ ಅದೇ ತಾಳ. ಕೊನೆಯವರೆಗೂ ಹಲಗೆ ಉರುಳಿದ ಸದ್ದಿಲ್ಲ. ಒಂದೂ ಇಲ್ಲ! ಕಣ್ಣು ತೆರೆಯುವಷ್ಟರಲ್ಲಿ ರೆಪ್ಪೆ ಒದ್ದೆಯಾಗಿತ್ತು.

ಬುಗುರಿ ಏದುಸಿರು ಬಿಡುತ್ತ ಬಂದು ನಿಂತಳು. ಇವಳಿಗೆ ಎದೆಯಲ್ಲಿ ಹೇಳಲು ರಾಶಿ ರಾಶಿ ಮಾತು. ಆದರೂ ತಡೆದುಕೊಂಡಳು. ಓಡಿದವಳು ಮೊದಲು ಮಾತಾಡಲಿ... ಕೈಕಟ್ಟಿ ಸುಮ್ಮನೆ ನಿಂತಳು.

ಬುಗುರಿ ಆ ಕಟ್ಟಿದ ಕೈಗಳನ್ನೇ ನೋಡಿದಳು. "ಮೇಡಂ... ಕೋಪಾನಾ? ಎರಡನೇದು ಬಂದಿದ್ದಕ್ಕಾ? ನಾನು ಅಷ್ಟು ಕೆಟ್ಟದಾಗಿ ಓಡಿದ್ನಾ?"

"ಅಯ್ಯೋ ಹುಚ್ಚೀ! ಕೋಪ ಎಲ್ಲಿಂದ ಬರತ್ತೆ? ನೀನೇ ಮೊದಲು ಹೇಳ್ಲಿ ಅಂತ ಕಾಯ್ತಿದ್ನೇ!"

"ಅದು ಮಾಸ್ಟ್ರು ಮಾಡೋದು ಮೇಡಂ. ಅವರು ಸುಮ್ನಿದ್ರೆ ನನಗೆ ಅರ್ಥ ಆಗತ್ತೆ. ನೀವು ಸುಮ್ನಿದ್ರೆ ಸತ್ತೇ ಹೋಗ್ತೀನಿ ಅನ್ಸತ್ತೆ!"

ಅವಳು ಹುಡುಗಿಯನ್ನು ಎಳೆದು ಅಪ್ಪಿಕೊಂಡಳು. ಅಪ್ಪಿಕೊಂಡವಳು ಹಾಗೇ ನಿಂತುಬಿಟ್ಟಳು. ಎದೆ ಉಕ್ಕಿ ಬರುತ್ತಿದ್ದರೂ ತಾನು ಈಗ ಬಾಯಿ ಬಿಡಲಿಲ್ಲ... ಎದುರಿಗಿದ್ದ ಮಗುವಿಗೆ ಅದು ಕೋಪವಾಗಿ ಕಂಡಿತು. ಹಾಗಾದರೆ ಆ ಬೆಳಿಗ್ಗೆ, ಆ ಮೆಟ್ಟಿಲ ಮೇಲೆ ಅವನ ಮೌನ...?

ದೇವರೇ!

ಅವನು ಆಚೆ ತಿರುವಿನಲ್ಲಿ ಸ್ಟಾರ್ಟಿಂಗ್ ಬ್ಲಾಕ್‌ಗಳನ್ನು ಬಿಚ್ಚುತ್ತಿದ್ದ. ಅವಳು ಎದುರು ಹೋಗಿ ನಿಂತಳು.

"ನಾನು ನಿಮ್ಮ ಓಟಗಾರ್ತಿ ಅಲ್ಲ."

ಅವನು ತಲೆಯೆತ್ತಿದ.

"ನನ್ನ ಹತ್ರ ಹಾಗೆ ಸುಮ್ನಿರ್ಬೇಡಿ. ನನಗೆ ಅದು ಓದೋಕೆ ಬರಲ್ಲ. ಈ ಸಲ ನಾನು ಮೊದಲು ಹೇಳಲ್ಲ. ನೀವೇ ಹೇಳ್ಬೇಕು."

ಅವನು ಕೈಯಲ್ಲಿದ್ದ ಬ್ಲಾಕನ್ನು ನೆಲಕ್ಕಿಟ್ಟು ಎದ್ದ. ಪೂರ್ತಿ ಓಡಿ ಬಂದವನಂತೆ ಎದೆ ಏರಿಳಿಯುತ್ತಿತ್ತು.

"ನಾನು ಓಡ್ತಿದ್ದಾಗ, ಗೆರೆ ದಾಟೋ ಮೊದಲೇ ನನ್ನ ಕೋಚ್ ಶುರು ಮಾಡೋರು. ಕೈ ಸರಿಯಿಲ್ಲ, ತಲೆ ಸರಿಯಿಲ್ಲ... ಕೊನೆಗೆ ಓಟ ನನಗೆ ಇಷ್ಟಾನೋ ಇಲ್ವೋ ಅನ್ನೋದೂ ನನಗೆ ಗೊತ್ತಾಗ್ದೆ ಹೋಯ್ತು. ಬಿಟ್ಟುಬಿಟ್ಟೆ. ಅವತ್ತು ನೀವು ಕೇಳಿದಾಗ... ನಾನು ಬೇಡ ಅಂದಿದ್ರೆ ನೀವು ಉಳಿದುಬಿಡ್ತಿದ್ರಿ. ನಿಮ್ಮ ಕನಸಿನೊಳಗೆ ನಾನು ಬಾಯಿ ಹಾಕಿದ ಹಾಗಾಗ್ತಿತ್ತು."

"ಆಮೇಲೆ ಹಿಂದಿಂದ ಬಂದು ಒಂದು ಮಾತು ಹೇಳೋಕೇನಾಗಿತ್ತು?"

"ನೀವು ಅಭ್ಯಾಸದ ಹೊತ್ತೇ ಬೇರೆ ಮಾಡಿಬಿಟ್ರಿ. ಅದೇ ನಿಮ್ಮ ಉತ್ತರ ಅಂದ್ಕೊಂಡೆ. ಹೆದರ್ಕೊಂಡೆ ಕೂಡ."

"ಈಗ ಹೇಳಿ. ನಿಮಗೇನು ಬೇಕು?"

"ನೀವು ಹೋಗ್ಬೇಕು." ಅವಳ ಮುಖ ಬಾಡುವ ಮೊದಲೇ ಅವನು ಅವಸರವಾಗಿ ಸೇರಿಸಿದ. "ನಾನೂ ಬರ್ತೀನಿ! ಕೆಲ್ಸ ಸಿಗಲಿ ಬಿಡಲಿ. ಓಡೋ ಮಕ್ಕಳು ಎಲ್ಲಿಲ್ಲ? ನೀವಿಲ್ಲದ ಬೆಳಿಗ್ಗೆ ನನಗೆ ಬೇಡ. ನಿಮ್ಮನ್ನ... ನನಗೆ ತುಂಬಾ ಇಷ್ಟ. ಮೊದಲ ದಿನದಿಂದ!"

ಅವಳು ನಗುತ್ತಲೇ ಅತ್ತಳು.

ಆ ಸಂಜೆ ಅವನು ಮನೆಗೆ ಬಂದಾಗ ಅಮ್ಮ ಕನ್ನಡಕದ ಮೇಲಿಂದ ನೋಡಿದರು. "ಬಾಪ್ಪಾ. ಮಾತು ಬಂತಂತಲ್ಲ? ನಾನೂ ಬರೋಳೇ, ಈಗಲೇ ಹೇಳಿರ್ತೀನಿ. ಯಂತ್ರ ಹೊರೋ ಕೆಲ್ಸ ನಿಂದು."

"ಹೊರ್ತೀನಮ್ಮಾ."

"ಮತ್ತೆ ಆ ಹುಡುಗಿ?"

"ಅವಳ ದೊಡ್ಡ ಸ್ಪರ್ಧೆ ಮುಗಿಯೋವರೆಗೂ ಇಲ್ಲೇ ಇರ್ತೀವಮ್ಮಾ" ಎಂದಳು ಮಗಳು. "ಆಯ್ಕೆ ಆದೋರನ್ನ ಆಮೇಲೆ ಆ ಕೇಂದ್ರದಲ್ಲೇ ಇಟ್ಕೋತಾರೆ. ಬುಗುರಿ ಆಗಲೇ ತನ್ನ ಮಂಚ ಕಿಟಕಿ ಪಕ್ಕಾನೇ ಇರ್ಬೇಕು ಅಂತಿದಾಳೆ."

ಅವಳು ಹಳೆಯ ಲಕೋಟೆಯನ್ನು ಹರಿದು ಹಾಕಿ, ಹೊಸ ಹಾಳೆಯಲ್ಲಿ ಬರೆದಳು: ಬರುತ್ತೇನೆ, ನನ್ನ ಹುಡುಗಿಯ ಸ್ಪರ್ಧೆ ಮುಗಿದ ಕೂಡಲೇ. ಈ ಸಲ ಅಕ್ಷರಗಳಲ್ಲಿ ಸಿಟ್ಟಿರಲಿಲ್ಲ.

ಇಬ್ಬರೂ ತಿರುವಿನವರೆಗೆ ನಡೆದರು. ಬೀದಿಯ ದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು ಅವಳು ಹಿಂಜರಿದಳು.

"ಭಯ ಆಗ್ತಿದೆ."

"ನನಗೂ. ಕೈ ಕೊಡು."

ಅವಳು ಎಡಗೈಯನ್ನು ಅವನ ಅಂಗೈಯಲ್ಲಿಟ್ಟಳು. ಬಲಗೈ ಲಕೋಟೆಯನ್ನು ಬಿಟ್ಟಿತು. ಡಬ್ಬಿಯ ತಳದಲ್ಲಿ ಅದು ಬಿದ್ದ ಸಣ್ಣ ಸದ್ದು ಇಬ್ಬರಿಗೂ ಕೇಳಿಸಿತು.