ಐದರಲ್ಲಿ ಮೂರು

"ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ಬೇಡ! ಐದು ಪದದಲ್ಲಿ ನಿಂಗೆ ಬಂದಿದ್ದೇ ಮೂರು!"

"ಹೌದು, ಮೂರೇ. ಅದಕ್ಕೇನೀಗ? ಸೀಸನ್ ಶುರುವಲ್ಲೂ ಮೂರೇ ಹೇಳಿದ್ದೆ. ನೀನೇ ಕೈಯಾರೆ ಬರ್ಕೊಂಡಿದ್ದೀಯಲ್ಲೇ, ಡಾಕ್ಟ್ರಮ್ಮ."

ಅವಳು ಡಾಕ್ಟರಲ್ಲ, ರಗ್ಬಿ ತಂಡದ ಫಿಸಿಯೋ. ರೇಗಿಸಲು ಅವನಿಟ್ಟ ಹೆಸರದು. ಅವನಿಗೆ ತಂಡವಿಟ್ಟ ಹೆಸರು ಗೂಳಿ. ತಲೆ ಮುಂದೆ ಮಾಡಿ ನುಗ್ಗುವವನಿಗೆ ಇನ್ನೇನು ಹೆಸರಿಡುತ್ತಾರೆ? ಈ ತಿಂಗಳಲ್ಲಿ ಆ ತಲೆಗೆ ಬಿದ್ದ ಎರಡನೇ ಪೆಟ್ಟು ಇದು. ಪಂದ್ಯದ ನಡುವೆಯೇ ಒಳಗೆ ಕರೆತಂದು ಪರೀಕ್ಷೆ ಮಾಡಿದ್ದಳು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಬೇಕು. ಸೀಸನ್ ಶುರುವಿನಲ್ಲಿ ಹೇಳಿದ್ದಕ್ಕಿಂತ ಕಡಿಮೆಯಾದರೆ ಆಟ ಬಂದ್.

ಆ ಮೊದಲ ಪರೀಕ್ಷೆಯ ದಿನ ಇದೇ ಬೆಂಚಿನ ಮೇಲೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಿದ್ದರು. ಕುರ್ಚಿ, ಹೊಳೆ, ಕನ್ನಡಿ ಎಂದು ನಿಲ್ಲಿಸಿದ್ದ.

"ಇನ್ನೆರಡು?"

"ನೀವು ಹಂಗೆ ನೋಡ್ತಿದ್ರೆ ಇರೋದೂ ಮರ್ತೋಗುತ್ತೆ ಮೇಡಂ."

ಅವಳ ಕೆನ್ನೆ ಬಿಸಿಯಾಗಿತ್ತು. ಕಳ್ಳ ಬೇಕೆಂದೇ ಮರೆತಿದ್ದಾನೆ ಎಂದು ಗೊತ್ತಿತ್ತು. ಮೊದಲೇ ಕಡಿಮೆ ಬರೆಸಿಕೊಂಡರೆ ಪೆಟ್ಟು ಬಿದ್ದಾಗ ವ್ಯತ್ಯಾಸ ಕಾಣುವುದಿಲ್ಲ. ಆಟಗಾರರ ಹಳೇ ಚಾಲಾಕಿ. ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ. ನಕ್ಕು, ಮೂರು ಎಂದು ಬರೆದು ಸಹಿ ಹಾಕಿದಳು. ಪ್ರೀತಿ ಕುರುಡಂತೆ. ಮಣ್ಣು! ಇವಳು ಕಣ್ಣಿದ್ದೂ ಮುಚ್ಚಿಕೊಂಡಿದ್ದಳು.

"ಇವತ್ತೂ ಬೇಕಂತ ಮರ್ತೆ ಅನ್ನು," ಎಂದಳು. "ಅಷ್ಟು ಹೇಳು ಸಾಕು, ಬಿಟ್ಬಿಡ್ತೀನಿ."

ಅವನು ಬೂಟಿನ ಲೇಸು ಕಟ್ಟಲು ಹೋಗಿ ಎರಡು ಸಲ ತಪ್ಪಿದ. ಕೈ ಹಾಗೇ ನಿಂತಿತು.

"ಇಲ್ಲ ಕಣೇ. ಇವತ್ತು ನಿಜವಾಗ್ಲೂ ಹುಡುಕ್ದೆ. ಸಿಗ್ಲಿಲ್ಲ."

ಅವಳ ಸಿಟ್ಟು ಸರ್ರನೆ ಇಳಿಯಿತು. ಅಷ್ಟರಲ್ಲಿ ಕೋಚ್ ಬಾಗಿಲು ತಳ್ಳಿದರು.

"ಏನಮ್ಮಾ, ಆಯ್ತಾ?"

"ಇವ್ನು ಆಡೋ ಹಾಗಿಲ್ಲ ಸರ್. ಆ ಹಳೇ ಮೂರು ಸುಳ್ಳು."

ಕೋಚ್ ಎರಡೂ ಕಾಗದ ನೋಡಿದರು. "ಸುಳ್ಳಾದ್ರೆ ಸಹಿ ಯಾಕಮ್ಮ ಹಾಕ್ದೆ? ಆವತ್ತೂ ಮೂರು, ಇವತ್ತೂ ಮೂರು. ನಿಮ್ಮ ಲವ್ವು ಗಿವ್ವು ಮನೇಲಿಟ್ಕೊಳ್ಳಿ."

ಅವಳು ಅವನ ಜೆರ್ಸಿ ಹಿಡಿದಳು. "ಈಗ ನಂಗೆ ಹೇಳಿದ್ಯಲ್ಲ, ಅದನ್ನೇ ಅವರಿಗೂ ಹೇಳೋ. ನಿನ್ನ ದಮ್ಮಯ್ಯ."

ಅವನು ಅವಳನ್ನೇ ನೋಡಿದ. ಎಷ್ಟು ಮೆತ್ತಗಿನ ನೋಟ! ಬೆರಳು ಒಂದೊಂದಾಗಿ ಬಿಡಿಸಿದ.

"ಓಡೋದು, ಬೀಳೋದು ಬಿಟ್ಟು ನಾನು ಬೇರೇನು ಕಲ್ತಿದೀನಿ ಹೇಳು? ಕೂತ್ರೆ ನಾನ್ಯಾರೇ?" ಕೋಚ್ ಕಡೆ ತಿರುಗಿದ. "ಚೆನ್ನಾಗಿದೀನಿ ಸರ್."

"ಹೋದ್ರೆ ನನ್ನ ಹತ್ರ ಮತ್ತೆ ಬರ್ಬೇಡ!"

"ಆಟ ಮುಗಿಸಿ ಬರ್ತೀನಿ, ಬೈಯುವಿಯಂತೆ."

ಹೋದ. ಬ್ಯಾಗೆತ್ತಿಕೊಂಡು ಹಿಂದೆಯೇ ಓಡಬೇಕಾದವಳು ಅವಳು. ಬೆಂಚಿನ ಮೇಲೆ ಕೂತುಬಿಟ್ಟಳು.

ಆಟ ಮುಗಿದ ಮೇಲೆ ಉಳಿದವರೆಲ್ಲ ಬಂದರು, ಒಬ್ಬೊಬ್ಬರಾಗಿ, ಅವಳ ಮುಖ ನೋಡದೆ. ಗೂಳಿ ಬರಲಿಲ್ಲ.